ಮೂಸಿ ನೋಡಲು ಕಂಪ್ಲಿಗೆ ಹೋದ ಅರಿವೆ

ಚಿತ್ತವಾಡ್ಗಿಯಲ್ಲಿ ಯಾರಾದರೂ ಹಳೆ ಮನೆ ಬಾಡಿಗೆಗೆ ಹಿಡಿಯುವುದಿದ್ದರೆ ಮೊದಲು ಹೊಳೆಮ್ಮನನ್ನು ಕರೆದೊಯ್ಯುತ್ತಿದ್ದರು. ಆಕೆ ಹೊಸ್ತಿಲಲ್ಲಿ ನಿಂತು ಒಮ್ಮೆ ಮೂಗೆಳೆಯುವಳು. ಆಮೇಲೆ ಒನಕೆ ತರಿಸಿ ಪಡಸಾಲೆಯ ನೆಲಕ್ಕೆ ನಾಲ್ಕು ಕಡೆ ಕುಟ್ಟುವಳು. "ಹಿಡೀರಿ, ಮನಿ ಚಲೋ ಐತಿ" ಅಂದಳೆಂದರೆ ಅವತ್ತೇ ಬಂಡಿಯಲ್ಲಿ ಸಾಮಾನು ಬರುತ್ತಿತ್ತು. ಹೊಳೆಮ್ಮನ ಮೂಗಿನ ಮೇಲೆ ಓಣಿಗೆ ಅಷ್ಟು ನಂಬಿಕೆ. ನಿಜ ಹೇಳಬೇಕೆಂದರೆ ಆ ಮೂಗು ಮೂರು ವರ್ಷ ಮಲಗಿಯೇ ಇತ್ತು. ಅದನ್ನು ಎಬ್ಬಿಸಿದವಳು ಕಂಪ್ಲಿಯ ಬೀಗತಿ. ಹೇಗೆ ಎಬ್ಬಿಸಿದಳು ಅಂತ ಹೇಳುತ್ತೇನೆ.

ಆಗ ಬಳ್ಳಾರಿ ಸೀಮೆಯೆಲ್ಲ ಮದ್ರಾಸಿನ ಕೈಕೆಳಗಿತ್ತು. ಹೊಳೆಮ್ಮ ಮೆಟ್ರಿಯವಳು, ಗದ್ದೆಯ ಕೆಸರಿನಲ್ಲಿ ಬೆಳೆದ ಜೀವ. ಗಂಡ ಮೈಲಾರಲಿಂಗಪ್ಪನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಬಂಡಿ ತೂಗುವ ಕೆಲಸ ಸಿಕ್ಕಿದ್ದರಿಂದ ಇಬ್ಬರೂ ಚಿತ್ತವಾಡ್ಗಿಗೆ ಬಂದರು. ಕೆಲಸ ಹುಡುಕಿಕೊಂಡು ಬಂದವರೇ ಊರ ತುಂಬ; ಖಾಲಿ ಮನೆ ಎಲ್ಲಿ? ಭತ್ತದ ವ್ಯಾಪಾರಿ ಕೊಟ್ರಬಸಪ್ಪನ ಹಳೆಯ ಮಾಳಿಗೆ ಮನೆಯೊಂದು ಸಿಕ್ಕಿತು. ಗೋಡೆ ಮೊಳ ದಪ್ಪ, ಕಿಟಕಿ ಅಂಗೈಯಗಲ. ಹಿಂದೆಯೇ ಕಾಲುವೆ. ಒಳಗೆ ಕಾಲಿಟ್ಟ ದಿನ ಏನೋ ವಾಸನೆ ಬಂದಿತ್ತಂತೆ. ಎಂಟು ದಿನಕ್ಕೆ ಮೂಗು ಒಗ್ಗಿಹೋಯಿತು.

ಮಗಳು ಜಂಬಮ್ಮನನ್ನು ಕಂಪ್ಲಿಗೆ ಕೊಟ್ಟಿದ್ದರು. ಪಂಚಮಿಗೆ ತವರಿಗೆ ಬಂದ ಹುಡುಗಿ ಎಂಟು ದಿನ ಇದ್ದು ವಾಪಸು ಹೋದಳು. ಅಲ್ಲಿ ಪೆಟ್ಟಿಗೆ ತೆಗೆದಾಗ ಅತ್ತೆ ವಿರುಪಮ್ಮ ಸೀರೆಯೊಂದನ್ನು ಎತ್ತಿ ಮೂಗಿಗೆ ಹಿಡಿದಳು. ಅವತ್ತು ಅದನ್ನು ಒಗೆಯಲು ಹಾಕಿದಳು, ಅಷ್ಟೇ. ಆದರೆ ಜಂಬಮ್ಮನಿಗೆ ಐದು ತಿಂಗಳಾದಾಗ ಹೇಳಿಕಳಿಸಿದಳು: ಮುಗ್ಗಲು ಹಿಡಿದ ಮನೆಗೆ ಬಸುರಿಯನ್ನು ಕಳಿಸುವುದಿಲ್ಲ. ಹೆರಿಗೆ, ಬಾಣಂತನ ಎಲ್ಲ ಕಂಪ್ಲಿಯಲ್ಲೇ.

ಹೊಳೆಮ್ಮನಿಗೆ ಇದ್ದವಳು ಒಬ್ಬಳೇ ಮಗಳು. ಚೊಚ್ಚಲ ಬಾಣಂತನಕ್ಕೆ ಅಂಟು, ಕೊಬ್ಬರಿ, ತುಪ್ಪ ಎಲ್ಲ ಕೂಡಿಸಿಟ್ಟಿದ್ದಳು. ಆ ಡಬ್ಬಿಗಳ ಮುಂದೆ ಕೂತು ಗಂಡನನ್ನು ಕೇಳಿದಳು, "ನಮ್ಮ ಮನಿ ನಾರತೈತೇನ್ರಿ?"

"ನನ್ನ ಮೂಗಿನಾಗ ಕಬ್ಬಿನ ಹಾಲು ಬಿಟ್ರ ಬ್ಯಾರೆ ಏನೂ ಇಳ್ಯಂಗಿಲ್ಲ," ಅಂದ ಅವನು. "ಹುಸೇನಮ್ಮನ್ನ ಕೇಳು."

ಪಕ್ಕದ ಮನೆಯ ಹುಸೇನಮ್ಮ ದಿನಾ ಇವರ ಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದವಳು. ಕೇಳಿದಾಗ ಸೆರಗು ಸರಿಮಾಡಿಕೊಂಡಳು. "ಹೇಳಬಾರದಂತ ಸುಮ್ನಿದ್ದೆ ಅಕ್ಕಾ. ನಾ ಕಟ್ಟಿ ಮ್ಯಾಲ ಕುಂದ್ರತೀನಿ, ಒಳಗ ಎಂದಾರ ಬಂದೀನೇನು?"

"ಮೂರು ವರ್ಷದಿಂದ?"

"ಮಳಿ ಬಂದ್ರೂ ಕಟ್ಟಿ ಮ್ಯಾಲ ಕುಂತೀನಿ, ನೆನಪ ಮಾಡ್ಕೋ."

ಹೊಳೆಮ್ಮ ಕಂಪ್ಲಿಗೆ ಮಾತು ಕಳಿಸಿದಳು: ಏಳನೆಯ ತಿಂಗಳ ಕುಬುಸದ ಶಾಸ್ತ್ರದೊಳಗೆ ವಾಸನೆ ಹೋಗಲಾಡಿಸುತ್ತೇನೆ, ಆಮೇಲಾದರೂ ಕಳಿಸಿ. ವಿರುಪಮ್ಮ ಒಪ್ಪಿದಳು. ಒಂದು ಷರತ್ತು ಹಾಕಿದಳು. ಒಗೆದು ಬಿಸಿಲಿಗೆ ಒಣಗಿಸಿದ ಅರಿವೆಯೊಂದನ್ನು ಪಡಸಾಲೆಯಲ್ಲಿಟ್ಟು ಎರಡು ದಿನ ಬಾಗಿಲು ಹಾಕಬೇಕು. ಆಮೇಲೆ ಮಡಚಿ ಬಂಡಿಯ ಪಾಲಪ್ಪನ ಕೈಯಲ್ಲಿ ಕೊಡಬೇಕು. ತಾನು ಮೂಸಿ ಹೇಳುತ್ತೇನೆ. ಪಾಲಪ್ಪ ವಾರಕ್ಕೊಮ್ಮೆ ಕಂಪ್ಲಿಯಿಂದ ಅಕ್ಕಿ ಹೇರಿಕೊಂಡು ಬರುವವನು. ಬರುವಾಗ ಅಕ್ಕಿ, ಹೋಗುವಾಗ ಅರಿವೆ.

ಮೊದಲ ವಾರ ಹುಸೇನಮ್ಮ ಕೊಟ್ಟ ಲೋಬಾನದಿಂದ ಮನೆಯ ತುಂಬ ಹೊಗೆ ಹಾಕಿದರು. ಅರಿವೆ ಹೋಯಿತು. ಮುಂದಿನ ವಾರ ಪಾಲಪ್ಪ ಎತ್ತು ಬಿಚ್ಚುವ ಮೊದಲೇ ತೀರ್ಪು ಹೇಳಿದ. "ಮುಂದ ಲೋಬಾನ ಬರತೈತಿ, ಅದರ ಹಿಂದಿಂದ ಮುಗ್ಗಲು ಕೈಹಿಡಕೊಂಡು ಬರತೈತಿ ಅಂದ್ರಕ್ಕಾ."

ಎರಡನೆಯ ವಾರ ಬೇವಿನ ಸೊಪ್ಪಿನ ಹೊಗೆ. ಹೊಗೆಗೆ ಮೈಲಾರಲಿಂಗಪ್ಪ ಅಂಗಳದಲ್ಲಿ ಉಂಡ, ಅಂಗಳದಲ್ಲೇ ಮಲಗಿದ. ತೀರ್ಪು: "ಸೊಳ್ಳಿ ಸತ್ತಿರಬೇಕು, ವಾಸನಿ ಸತ್ತಿಲ್ಲ."

ಮೂರನೆಯ ವಾರ ಗೋಡೆ ಕೆರೆದು ಸುಣ್ಣ ಬಳಿದರು. "ಹೊಸ ಅಂಗಿ ಹಾಕ್ಕೊಂಡೈತಿ, ಮೈ ತೊಳಕೊಂಡಿಲ್ಲ."

ಮನೆಯ ಮಾಲೀಕ ಕೊಟ್ರಬಸಪ್ಪನನ್ನೂ ಕರೆಸಿದರು. ಅವನು ಪಡಸಾಲೆಯ ನಡುವೆ ನಿಂತು ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ಏರಿಸಿ, ಸೀನಿ, ಮೂಗೊರೆಸಿಕೊಂಡು, "ಎಲ್ಲೈತಿ ವಾಸನಿ?" ಅಂದ. ಅವನ ಮೂಗಿನಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ನಾಲ್ಕನೆಯ ವಾರ ಹೊಳೆಮ್ಮ ಒಂದು ಕಳ್ಳ ಕೆಲಸ ಮಾಡಿದಳು. ಅರಿವೆಯನ್ನು ತನ್ನ ಮನೆಯಲ್ಲಿ ಇಡಲೇ ಇಲ್ಲ. ಹುಸೇನಮ್ಮನ ಮನೆಯ ಗೂಟಕ್ಕೆ ಎರಡು ದಿನ ತೂಗುಹಾಕಿ ಕಳಿಸಿದಳು. ಪಾಲಪ್ಪ ಬಂದಾಗ ನೆಲ ನೋಡುತ್ತ ನಿಂತ.

"ಏನಂದ್ರೋ ತಮ್ಮಾ?"

"ಮುಗ್ಗಲು ಇಲ್ಲ ಅಂದ್ರು."

"ಮತ್ತ್ಯಾಕ ಹಂಗ ನಿಂತಿ?"

"ಬೆಳ್ಳುಳ್ಳಿ ಖಾರದ ವಾಸನಿ ಐತಂತ. ಬಾಣಂತನ ಹುಸೇನಮ್ಮರ ಮನಿಯಾಗ ಮಾಡ್ತೀರೇನು ಅಂತ ಕೇಳಿದ್ರು. ಮುಂದಿನ ವಾರ ಅವರೇ ಬರ್ತಾರಂತ."

ಬಂದಳು. ಎತ್ತರದ ಹೆಂಗಸು, ಉದ್ದ ಮೂಗು, ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಂತಳು. ಹೊಳೆಮ್ಮ ಕಾಲಿಗೆ ನೀರು ಕೊಟ್ಟಳು. "ಕುಂದರ್ರಿ ಬೀಗ್ತಿ."

"ಕುಂದ್ರೂದು ಆಮೇಲೆ," ಅನ್ನುತ್ತ ವಿರುಪಮ್ಮ ಗೋಡೆಗುಂಟ ನಡೆದಳು. ಮೂಲೆ ಮೂಸಿದಳು, ಕಂಬ ಮೂಸಿದಳು. ಕೊನೆಗೆ ಪಡಸಾಲೆಯ ನಡುವೆ ಮಂಡಿಯೂರಿ ನೆಲಕ್ಕೆ ಮೂಗು ಹಚ್ಚಿದಳು. ಬಾಗಿಲಲ್ಲಿ ಓಣಿಯ ಅರ್ಧ ಜನ. ವಿರುಪಮ್ಮ ತಲೆಯೆತ್ತಿ, "ಒನಕಿ ಕೊಡ್ರಿ" ಅಂದಳು.

ಕುಟ್ಟಿದಳು. ಧಪ್ ಅಂತು. ಎರಡು ಮಾರು ಈಚೆ ಕುಟ್ಟಿದಳು. ಡುಬ್ ಅಂತು, ಖಾಲಿ ಗಡಿಗೆ ಬಡಿದಂತೆ.

"ಇದು ಗೋಡಿ ವಾಸನಿ ಅಲ್ಲ," ಅಂದಳು. "ಕೊಳತ ಜ್ವಾಳದ್ದು. ಕೆಳಗ ಹಗೇವು ಐತಿ."

ವಿರುಪಮ್ಮ ಹುಟ್ಟಿದ್ದು ಎರೆಹೊಲದ ಒಣ ಸೀಮೆಯಲ್ಲಿ. ಅಲ್ಲಿ ಜೋಳ ತುಂಬಿಡಲು ನೆಲದೊಳಗೆ ಬಾವಿಯಂತೆ ತೋಡಿ, ಬಾಯಿಗೆ ಬಂಡೆ ಮುಚ್ಚುತ್ತಾರೆ. ಅದೇ ಹಗೇವು. ಒಗೆಯುವ ಅರಿವೆಯಿಂದ ಹಿಡಿದು ಉಣ್ಣುವ ರೊಟ್ಟಿಯವರೆಗೆ ಆ ವಾಸನೆಯಲ್ಲೇ ಬೆಳೆದವಳು. ಮೆಟ್ರಿಯ ನೀರುಭೂಮಿಯಲ್ಲಿ ಹಗೇವು ತೋಡಿದರೆ ಕಪ್ಪೆ ಸಾಕಬೇಕಷ್ಟೇ. ಹೊಳೆಮ್ಮನಿಗೆ ಹೇಗೆ ಗೊತ್ತಾಗಬೇಕು?

ಕೊಟ್ರಬಸಪ್ಪನಿಗೆ ಹೇಳಿಕಳಿಸಿದರು. ವಿರುಪಮ್ಮ ಕೇಳಿದಳು, "ಕಾಲಿವಿ ಮಗ್ಗಲಾಗ ಹಗೇವು ತೋಡಿದ ಶಾಣ್ಯಾ ಯಾರ್ರಿ ಸಾವ್ಕಾರ್ರ?"

ಅವನು ನಶ್ಯದ ಡಬ್ಬಿ ತೆಗೆದ, ಮತ್ತೆ ಒಳಗಿಟ್ಟ. "ನಮ್ಮಪ್ಪ ಇರಬೇಕ್ರಿ. ಒಣ ಸೀಮೆಯಿಂದ ಬಂದಾತ. ಯಾರಿಗೂ ಹೇಳದ ಹೋಗಿಬಿಟ್ಟ."

ನೆಲ ಒಡೆಸಿ ಬಂಡೆ ಸರಿಸಿದಾಗ ಎದ್ದ ನಾತಕ್ಕೆ ಓಣಿಗೆ ಓಣಿಯೇ ಬಾಗಿಲು ಹಾಕಿಕೊಂಡಿತು. ಹುಸೇನಮ್ಮ ಒಲೆ ಸಮೇತ ತಂಗಿಯ ಮನೆಗೆ ಹೋದಳು. ನಶ್ಯದ ಮೂಗಿಗೂ ಮೊದಲ ಸಲ ವಾಸನೆ ತಾಕಿ ಕೊಟ್ರಬಸಪ್ಪ ಅಂಗಳಕ್ಕೆ ಓಡಿದ. "ಯಾರೂ ಇಳೀಬ್ಯಾಡ್ರಿ, ಒಳಗ ಕೆಟ್ಟ ಗಾಳಿ ಇರತೈತಿ," ಅನ್ನುತ್ತ ವಿರುಪಮ್ಮ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದಳು. ದೀಪ ಆರಿತು. ಮರುದಿನವೂ ಆರಿತು. ಮೂರನೆಯ ದಿನ ಉರಿಯುತ್ತ ನಿಂತಮೇಲೆ ಗುಂಡಿ ತೋಡುವ ಮೂಕಣ್ಣ ಇಳಿದು, ಕರಿ ಕೆಸರಾಗಿದ್ದ ಜೋಳವನ್ನು ಬುಟ್ಟಿ ಬುಟ್ಟಿ ಎತ್ತಿಕೊಟ್ಟ. ಅದನ್ನು ಊರಾಚೆಯ ತಿಪ್ಪೆಗೆ ಸಾಗಿಸಿದರು. ಖಾಲಿ ಹಗೇವಿನಲ್ಲಿ ಒಣ ಹುಲ್ಲು ಸುಟ್ಟು, ಸುಣ್ಣ ಚೆಲ್ಲಿ, ಕಂಠದವರೆಗೆ ಗರಸು ಮಣ್ಣು ತುಂಬಿ ಗುದ್ದಿದರು. ಕೊಟ್ರಬಸಪ್ಪ ತನ್ನ ಖರ್ಚಿನಲ್ಲೇ ಗೋಡೆಗೆ ಎರಡು ದೊಡ್ಡ ಕಿಟಕಿ ಇಡಿಸಿಕೊಟ್ಟ.

ಕಂಪ್ಲಿಗೆ ಹೋದ ಅರಿವೆ ಒಂದೂ ವಾಪಸು ಬಂದಿರಲಿಲ್ಲ; ಈಗ ಹೊಳೆಮ್ಮನ ಬಳಿ ಕಳಿಸಲು ಹಳೆ ಅರಿವೆ ಉಳಿದಿರಲಿಲ್ಲ. ಇದ್ದದ್ದು ಒಂದೇ, ಮಗಳ ಕುಬುಸಕ್ಕೆಂದು ತೆಗೆದಿಟ್ಟ ಹಸಿರು ಖಣ. ನಾತ ಹಿಡಿದರೆ ಖಣವೂ ಹೋಯಿತು, ಕುಬುಸವೂ ಹೋಯಿತು. ಅದನ್ನೇ ಪಡಸಾಲೆಯಲ್ಲಿ ಎರಡು ದಿನ ಇಟ್ಟಳು. ಪಾಲಪ್ಪನ ಕೈಗೆ ಕೊಡುವಾಗ ಅಂಗಳದ ಬಿಸಿಲಿಗೆ ತಂದು ತಾನೂ ಮೂಸಿದಳು. ಹೊಸ ಬಟ್ಟೆಯ ಗಂಜಿ ವಾಸನೆ ಬಿಟ್ಟರೆ ಏನೂ ಇಲ್ಲ. ಆದರೂ ತನ್ನ ಮೂಗನ್ನು ತಾನು ನಂಬುವ ಧೈರ್ಯ ಆಗಲಿಲ್ಲ.

ಮುಂದಿನ ವಾರ ಪಾಲಪ್ಪನ ಬಂಡಿ ಯಾವತ್ತಿಗಿಂತ ಮೆಲ್ಲಗೆ ಬಂತು.

"ಅಕ್ಕಿ ಎಲ್ಲಿ?" ಅಂದಳು ಹೊಳೆಮ್ಮ.

"ಇವತ್ತು ಅಕ್ಕಿ ಇಲ್ಲಕ್ಕಾ."

ಹುಲ್ಲಿನ ಹಾಸಿಗೆಯ ಮೇಲಿಂದ ವಿರುಪಮ್ಮನ ಕೈ ಹಿಡಿದು ಜಂಬಮ್ಮ ಇಳಿದಳು. ಮೈಮೇಲೆ ಹಸಿರು ಖಣದ ಕುಬುಸ, ಹೊಲಿಗೆ ಅತ್ತೆಯದು. ಹೊಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಸೇನಮ್ಮ ಮೂರು ವರ್ಷದಲ್ಲಿ ಮೊದಲ ಸಲ ಹೊಸ್ತಿಲು ದಾಟಿ, ಪಡಸಾಲೆಯ ನಡುವೆಯೇ ಕಾಲು ಚಾಚಿ ಕೂತು ಎಲೆ ಮಡಚಿದಳು.

ಅದೇ ಮನೆಯ ಒಳಕೋಣೆಯಲ್ಲಿ ಗಂಡು ಕೂಸು ಹುಟ್ಟಿತು. ಹದಿನೈದು ದಿನದ ಮೇಲೆ ಪಾಲಪ್ಪ ಬಂದಾಗ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಕೂಸಿನ ಒದ್ದೆ ಅರಿವೆ ಹರವಿದ್ದರು. ಅವನು ಬಾಗಿಲಲ್ಲೇ ಮೂಗು ಹಿಡಿದು ನಿಂತ.

"ಈ ಅರಿವೀನೂ ಕಂಪ್ಲಿಗೆ ಒಯ್ಯಲೇನಕ್ಕಾ?"

"ಒಯ್ಯಿ," ಅಂದಳು ಹೊಳೆಮ್ಮ. "ಇದು ನಮ್ಮ ಮನಿ ವಾಸನಿ ಅಲ್ಲ, ಅವರ ಮನಿದು ಅಂತ ಹೇಳು."