ಸಾಬೂನಿನ ಇನ್ಸ್‌ಪೆಕ್ಟರು

ಸಾಬೂನು ಕಾರ್ಖಾನೆಯಲ್ಲಿ ಅವನ ಹುದ್ದೆಯ ಹೆಸರೇ ಇನ್ಸ್‌ಪೆಕ್ಟರ್. ಇದರಲ್ಲಿ ಸುಳ್ಳಿನ ಸೋಂಕೂ ಇರಲಿಲ್ಲ. ಅಚ್ಚಿನಿಂದ ಬಿದ್ದು ಸಾಲಾಗಿ ಬರುವ ಬಿಲ್ಲೆಗಳಲ್ಲಿ ಮೂಲೆ ಮುರಿದದ್ದು, ಮುದ್ರೆ ಮೂಡದ್ದು, ಮೈ ಬಿರಿದದ್ದು ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕುವುದು, ಅಷ್ಟೇ ಕೆಲಸ. ಡಬ್ಬದ ಮಾಲು ಕರಗಿ, ಹೊಸ ಬಿಲ್ಲೆಯಾಗಿ, ಮತ್ತೆ ಅವನ ಮುಂದೆಯೇ ಬಂದು ನಿಲ್ಲುತ್ತಿತ್ತು. ಹೀಗಾಗಿ ಅವನು ಹಿಡಿದ ಯಾವ ಅಪರಾಧಿಗೂ ಕಾಯಂ ಶಿಕ್ಷೆಯಾದದ್ದಿಲ್ಲ. ಖಾಕಿ ಅಂಗಿ, ಖಾಕಿ ಪ್ಯಾಂಟು ಕಾರ್ಖಾನೆ ಕೊಟ್ಟದ್ದು. ಮೀಸೆ ಮಾತ್ರ ಸ್ವಂತದ್ದು.

ವಠಾರದಲ್ಲಿ ಮನೆ ಕೇಳಲು ಹೋದಾಗ ಓನರು, "ಏನು ಕೆಲ್ಸ?" ಎಂದ.

"ಇನ್ಸ್‌ಪೆಕ್ಟರು."

ಓನರು ಕುರ್ಚಿಯಿಂದ ಎದ್ದ. ಅವನನ್ನು ಕಂಡು ಒಬ್ಬ ಮನುಷ್ಯ ಎದ್ದು ನಿಂತದ್ದು ಅವನ ಜೀವಮಾನದಲ್ಲೇ ಮೊದಲು. ಬಸ್ಸಿನಲ್ಲಿ ಒಮ್ಮೆ ಯಾರೋ ಎದ್ದಿದ್ದರು, ಆದರೆ ಅದು ಅವರ ಸ್ಟಾಪು ಬಂದದ್ದಕ್ಕೆ. "ಸಾಬೂನಿನ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದ್ದವನನ್ನು ಮತ್ತೆ ಕೂರಿಸುವುದು ಹೇಗೆಂದು ತಿಳಿಯದೆ ನುಂಗಿಕೊಂಡ.

ಆಮೇಲೆ ಎಲ್ಲ ತಾನೇ ತಾನಾಗಿ ನಡೆಯಿತು. ಅವನು ಅಂಗಳ ದಾಟಿದರೆ ರೇಡಿಯೋಗಳ ದನಿ ತಗ್ಗುತ್ತಿತ್ತು. ನಲ್ಲಿಯ ಮುಂದೆ ಅವನ ಹೆಂಡತಿಗೆ ದಾರಿ ಬಿಡುತ್ತಿದ್ದರು. ತಾನು ಪೊಲೀಸು ಎಂದು ಅವನು ಯಾರಿಗೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನಾವೆಲ್ಲ ಬಾಳುವುದೇ ಈ ಎರಡರ ನಡುವಿನ ಸಂದಿಯಲ್ಲಿ. ಅವನದು ಸ್ವಲ್ಪ ಅಗಲವಾಗಿತ್ತು, ಅಷ್ಟೇ.

"ಏನ್ರೀ, ಮೇಲ್ಗಡೆ ಅಜ್ಜಿ ನಿಮ್ಮನ್ನ ಪೊಲೀಸ್ ಅಂತ ತಿಳ್ಕೊಂಡಿದಾರೆ!"

"ನೀನೇನಂದೆ?"

"ಅವ್ರು ಡ್ಯೂಟಿ ವಿಷ್ಯ ಮನೇಲಿ ಮಾತಾಡಲ್ಲ ಅಂದೆ."

ಗಂಡ ಹೆಂಡತಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಒಂದು ಬೆಳಿಗ್ಗೆ ಓನರು ಬಂದ. "ಸಾರ್, ಮುಂದ್ಗಡೆ ನನ್ನ ಅಂಗಡೀಲಿ ಬಾಡಿಗೆಗಿರೋ ಗಡಿಯಾರ ರಿಪೇರಿಯವನು ಏನು ಮಾಡಿದ್ರೂ ಖಾಲಿ ಮಾಡ್ತಿಲ್ಲ. ನೀವೇನೂ ಮಾತಾಡೋದು ಬೇಡ. ಮಾತೆಲ್ಲ ನಂದು. ನನ್ನ ಹಿಂದೆ ಸುಮ್ನೆ ನಿಂತ್ಕೊಂಡ್ರೆ ಸಾಕು."

ನಿಲ್ಲುವುದು ಅವನ ಕಸುಬೇ. ಕಾರ್ಖಾನೆಗೆ ಹೊರಟ ಬಟ್ಟೆಯಲ್ಲೇ ಹೋಗಿ ನಿಂತ. ಓನರು ಕೂಗಾಡಿದ, ರಿಪೇರಿಯವನು ತಿರುಗಿ ಕೂಗಾಡಿದ. ಮೇಜಿನ ಮೇಲೆ ಗಡಿಯಾರಗಳು ಸಾಲಾಗಿ ಕೂತಿದ್ದವು. ಸಾಲು ಕಂಡರೆ ಅವನ ಕಣ್ಣು ಸುಮ್ಮನಿರುವುದಿಲ್ಲ. ಒಂದರ ಮೂಲೆ ಮುರಿದಿತ್ತು. ತಲೆಗಿಂತ ಮೊದಲು ಕೈ ಹೋಯಿತು. ಎತ್ತಿದ, ತಿರುಗಿಸಿ ನೋಡಿದ, ಪಕ್ಕದಲ್ಲಿದ್ದ ರಟ್ಟಿನ ಪೆಟ್ಟಿಗೆಗೆ ಹಾಕಿದ. ಇನ್ನೊಂದರ ಗಾಜು ಬಿರುಕು ಬಿಟ್ಟಿತ್ತು. ಅದನ್ನೂ ಹಾಕಿದ.

ಕೂಗಾಟ ಗಕ್ಕನೆ ನಿಂತಿತು.

"ಜಪ್ತಿ ಮಾಡ್ತಿದೀರಾ ಸಾರ್?" ಎಂದ ರಿಪೇರಿಯವನು.

ಅವನು ಕೈ ಹಿಂದಕ್ಕೆಳೆದುಕೊಂಡ. ಓನರೇ, "ಮತ್ತೇನು ಆಟ ಆಡ್ತಿದಾರಾ?" ಎಂದ.

ರಿಪೇರಿಯವನು ನೆಟ್ಟಗೆ ಠಾಣೆಗೆ ಹೋದ. "ನಿಮ್ಮ ಇನ್ಸ್‌ಪೆಕ್ಟ್ರು ಗಿರಾಕಿಗಳ ಗಡಿಯಾರ ಜಪ್ತಿ ಮಾಡಿದ್ರು, ರಸೀದಿ ಕೊಡ್ಸಿ" ಎಂದು ಕೇಳಿದ್ದು ಸಾಕ್ಷಾತ್ ಇನ್ಸ್‌ಪೆಕ್ಟರನ್ನೇ. ಸಂಜೆಯೊಳಗೆ ಪೊಲೀಸ್ ವೇಷದ ವಂಚನೆ ಎಂದು ಕೇಸಾಯಿತು. ಕಾರ್ಖಾನೆ ಅವನನ್ನು ಡಬ್ಬಕ್ಕೆ ಹಾಕಿತು.

ಜಾಮೀನು ಕೊಡಿಸಿದ ವಕೀಲರು ಹೇಳಿದರು: "ನೀನಾಗಿ ಪೊಲೀಸ್ ಅಂತ ಹೇಳ್ಕೊಳ್ಳಲಿಲ್ಲ, ತಾನೇ ಕರ್ಕೊಂಡು ಹೋದೆ ಅಂತ ಓನರ್ ಒಂದು ಮಾತು ಹೇಳಿದ್ರೆ ಬಚಾವ್. ಇಲ್ದಿದ್ರೆ ಜೈಲೇ."

ಅವನು ಓನರನ ಬಾಗಿಲು ತಟ್ಟಿದ.

"ನೋಡಿ ಸಾರ್..." ಎಂದು ಶುರು ಮಾಡಿದ ಓನರು ನಾಲಿಗೆ ಕಚ್ಚಿಕೊಂಡು, "ನೋಡಯ್ಯಾ, ನಿನ್ನನ್ನ ನಾನೇ ಕರ್ಕೊಂಡು ಹೋದೆ ಅಂದ್ರೆ ಕಟಕಟೇಲಿ ನಿನ್ ಪಕ್ಕ ನನ್ನೂ ನಿಲ್ಲಿಸ್ತಾರೆ. ನಂಗೂ ಹೆಂಡ್ತಿ ಮಕ್ಳಿದಾರಪ್ಪ" ಎಂದ.

ಸಾರ್‌ನಿಂದ ಅಯ್ಯನಿಗೆ ಇಳಿಯಲು ಆತನಿಗೆ ಒಂದೇ ಉಸಿರು ಸಾಕಾಯಿತು.

ಕೋರ್ಟಿನಲ್ಲಿ ಓನರು, "ನಾನೂ ಮೋಸ ಹೋದೆ ಸ್ವಾಮಿ" ಎಂದು ಕಣ್ಣೊರೆಸಿಕೊಂಡ. ಮೇಲ್ಗಡೆಯ ಅಜ್ಜಿ ಇನ್ನೂ ಜೋರು. "ಇವ್ನ ಹೆಂಡ್ತಿಗೆ ನಲ್ಲೀಲಿ ನಾನು ಜಾಗ ಬಿಟ್ಟಿದೀನಿ. ಪೊಲೀಸ್ ಅಲ್ಲಾಂದಿದ್ರೆ ನಾನ್ಯಾಕೆ ಬಿಡ್ಲಿ?" ಇದಕ್ಕಿಂತ ಗಟ್ಟಿ ಸಾಕ್ಷಿಯನ್ನು ಆ ಕೋರ್ಟು ಕಂಡಿರಲಾರದು. ಅವನ ವಕೀಲರೂ ತಲೆದೂಗಿಬಿಟ್ಟರು.

ತೀರ್ಪಿಗೆ ಮುಂಚೆ ಹೊರಗಿನ ಬೆಂಚಿನ ಮೇಲೆ ಹೆಂಡತಿ, "ಒಂದೇ ಒಂದ್ಸಲ ಅಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು.

"ನೀನ್ಯಾಕೆ ಅನ್ಲಿಲ್ಲ?"

"ಬಿಂದಿಗೆ ಹಿಡ್ಕೊಂಡು ನೀವ್ಯಾವತ್ತಾದ್ರೂ ಸಾಲಲ್ಲಿ ನಿಂತಿದೀರಾ?" ಎಂದಳು.

ಸಜೆಯಾಯಿತು.

ಜೈಲಿನ ವಾರ್ಡರಿಗೆ ಕಾಗದ ಓದಿ ನಗು ತಡೆಯಲಾಗಲಿಲ್ಲ. ಬಾಗಿಲು ತೆಗೆದು, "ಏಯ್, ಎಲ್ಲ ಎದ್ದೇಳ್ರೋ! ಇನ್ಸ್‌ಪೆಕ್ಟ್ರು ಸಾಹೇಬ್ರು ಬಂದಿದಾರೆ!" ಎಂದು ಅವನನ್ನು ಒಳಗೆ ದೂಡಿ ಬೀಗ ಹಾಕಿದರು.

ಒಳಗಿದ್ದವರು ಎದ್ದರು. ಒಬ್ಬೊಬ್ಬರಾಗಿ, ನಿಧಾನವಾಗಿ, ತೋಳು ಮಡಚಿಕೊಳ್ಳುತ್ತ.

"ಅಲ್ಲ! ನಾನು ಪೊಲೀಸ್ ಅಲ್ಲ!" ಅವನು ಬಾಗಿಲಿಗೆ ಬೆನ್ನು ಹಚ್ಚಿ ಅರಚಿದ. "ಪೊಲೀಸ್ ಅಲ್ಲ ಅಂತಾನೇ ನನ್ನ ಒಳಗೆ ಹಾಕಿರೋದು! ಕೋರ್ಟೇ ಹೇಳಿದೆ!"

"ಹೌದೌದು," ಎಂದ ಮುಂದೆ ನಿಂತವನು. "ಸಿಕ್ಕಿಬಿದ್ದ ಪೊಲೀಸೆಲ್ಲ ಹಿಂಗೇ ಅನ್ನೋದು."