ಆರಿಸಿದವನು ಬಾಲರಾಜ

ಜಕ್ಕೂರಿನ ಹಳೇ ಊರಿನೊಳಗೆ ಹೋಗಿ ಬಾಲರಾಜನ ಮನೆ ಯಾವುದು ಅಂತ ಕೇಳಿದರೆ ಯಾವ ಬಾಲರಾಜ ಅನ್ನುತ್ತಾರೆ. ವೈಫೈ ಬಾಲಣ್ಣ ಅಂದರೆ ಜಗಲಿ ಮೇಲೆ ಕೂತ ಮುದುಕಿಯೂ ಕೈ ಮಾಡಿ ತೋರಿಸುತ್ತಾಳೆ. ಅವನ ಅಪ್ಪ ಕೆರೆಯ ನೀರುಗಂಟಿ, ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದವನು. ಗದ್ದೆಗಳೆಲ್ಲ ಅಪಾರ್ಟ್‌ಮೆಂಟಾದ ಮೇಲೆ ಮಗ ಆಫೀಸುಗಳಿಗೆ ಇಂಟರ್‌ನೆಟ್ ಹಾಯಿಸುತ್ತಾನೆ. ಎರಡೂ ಒಂದೇ ಕಸುಬು ಅಂತ ಅವನ ವಾದ. ಯಾರ ಗದ್ದೆ ಒಣಗಿದರೂ ಬೈಗುಳ ತಿನ್ನುವವನು ಹಾಯಿಸುವವನೇ ತಾನೆ.

ಬಾಲರಾಜ ಒಳ್ಳೆಯವನು. ನಮ್ಮ ಕಡೆ ಒಳ್ಳೆಯವನು ಅಂದರೆ ಯಾರು ಏನು ಹೇಳಿದರೂ ತಲೆಯಾಡಿಸುವವನು ಅಂತಲೂ ಅರ್ಥ. ಆ ಗುಣ ಇನ್ನೊಬ್ಬರ ಮನೆಯನ್ನೂ ಕೆಡಿಸಬಹುದು ಅನ್ನುವುದು ಅವನಿಗೆ ತಿಳಿದದ್ದು 2017ರ ದಸರಾದಲ್ಲಿ.

ಅವನಿಗೆ ಕೆಲಸ ಕೊಟ್ಟವರು ಲಕ್ಕಣ್ಣ. ಹೊಲ ಮಾರದೆ ಅದರ ಮೇಲೆ ತಾವೇ ಮನೆ ಕಟ್ಟಿ ಬಿಲ್ಡರ್ ಆದ ಗಟ್ಟಿ ಆಸಾಮಿ. ಯಲಹಂಕದಲ್ಲಿ ಹೆಡ್ ಆಫೀಸು, ನಾಗಸಂದ್ರದಲ್ಲೂ ಜಕ್ಕೂರಿನಲ್ಲೂ ಸೈಟ್ ಆಫೀಸು. ಇದರ ಜೊತೆಗೆ ವಿದ್ಯಾರಣ್ಯಪುರದಲ್ಲಿ ಸರಳಾಳ ಮನೆ. ಫ್ಲಾಟ್ ಕೇಳಿಕೊಂಡು ಬರುವ ಫೋನುಗಳಿಗೆಲ್ಲ ಉತ್ತರ ಕೊಡುತ್ತಿದ್ದವಳು ಸರಳಾ. ಅವಳ ಗಂಡ ಮುನಿರತ್ನ ಸಿಟಿ ಬಸ್ಸಿನ ಡ್ರೈವರ್ ಆಗಿದ್ದ. ಸ್ಟ್ರೋಕ್ ಹೊಡೆದು ಮಾತು ನಿಂತು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾಗಿತ್ತು. ಮನೆಯಲ್ಲಿ ಆ ಇನ್ನೊಬ್ಬರು ಅಂದರೆ ಅವಳೊಬ್ಬಳೇ.

ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಅವಳು ಕೇಳಿಕೊಂಡಾಗ ಲಕ್ಕಣ್ಣ ಇಲ್ಲ ಅನ್ನಲಿಲ್ಲ. "ದಸರಾ ಬುಕಿಂಗು ಮನೆಯಿಂದ್ಲೇ ನಡ್ಸಮ್ಮ. ಫೋನು ತಪ್ಪದಂಗೆ ನಡುದ್ರೆ ಅಂಗೇ ಇರೀವಂತೆ. ತಪ್ಪುದ್ರೆ ಮಾತ್ರ ಆಫೀಸಿಗೆ ಬಂದು ಕೂತ್ಕೋಬೇಕು," ಅಂದರು. ಆಮೇಲೆ ಬಾಲರಾಜನ ಕಡೆ ತಿರುಗಿ, "ಎಲ್ಲಾ ಕಡೆಗೂ ಒಂದೇ ತರದ ವೈಫೈ ಡಬ್ಬ ಬರ್ಲಿ. ಯಾವ್ದು ಅಂತ ನಂಗೇನ್ ಗೊತ್ತಾಯ್ತದೆ, ನೀನೇ ಆರ್ಸು," ಅಂದರು.

ಆರಿಸುವುದಕ್ಕೆ ಬಾಲರಾಜ ಆರ್.ಟಿ. ನಗರದ ಮುಜಫ್ಫರನ ಅಂಗಡಿಗೆ ಹೋದ. ಅಲ್ಲಿ ಎರಡು ತರದ ಡಬ್ಬಗಳಿದ್ದವು. ಒಂದು ಒಂಟಿ ಡಬ್ಬ. ಇಟ್ಟಲ್ಲಿ ತನ್ನ ಪಾಡಿಗೆ ತಾನು ದುಡಿಯುತ್ತದೆ, ಆದರೆ ಪಾಸ್‌ವರ್ಡ್ ಬದಲಿಸಬೇಕು ಅಂದರೂ ಅದಿರುವ ಕಡೆಗೇ ಗಾಡಿ ಹೊಡೆಯಬೇಕು. ಇನ್ನೊಂದು ತಾಯಿ-ಮರಿ. ತಾಯಿ ಡಬ್ಬ ಹೆಡ್ ಆಫೀಸಿನಲ್ಲಿ, ಮರಿಗಳು ಎಲ್ಲಿ ಬೇಕಾದರೂ ಇರಲಿ, ತಾಯಿ ಹೇಳಿದಂತೆ ಕೇಳುತ್ತವೆ. ಹೆಡ್ ಆಫೀಸಿನ ಫೋನನ್ನು ಸರಳಾಳ ಮನೆಯ ಮೇಜಿನ ತನಕ ಅದೇ ಒಯ್ದು ಮುಟ್ಟಿಸುತ್ತದೆ.

"ಸೈಟ್ ಆಫೀಸಿಗೆ ಇದು ಬೆಸ್ಟು," ಅಂದ ಮುಜಫ್ಫರ್. "ಆ ಅಮ್ಮನ ಮನೆಗೆ ಮಾತ್ರ ಒಂಟಿ ಡಬ್ಬ ಹಾಕಿ ಬಾಲರಾಜ್ ಭಾಯ್, ಫೋನಿಗೆ ಬೇರೆ ದಾರಿ ಮಾಡೋಣ. ತಾಯಿ ಮಲಗಿದ್ರೆ ಮರಿ ಉಸಿರಾಡಲ್ಲ."

"ತಾಯಿ ಯಾಕ್ರೀ ಮಲಗುತ್ತೆ? ಯು.ಪಿ.ಎಸ್. ಇದೆ, ಅದರ ಹಿಂದೆ ಜನರೇಟರ್ ಇದೆ."

ಕರೆಂಟು ಹೋದರೆ ಏನು, ಸಿಡಿಲು ಬಡಿದರೆ ಏನು, ಇಲಿ ತಂತಿ ಕಡಿದರೆ ಏನು, ಎಲ್ಲಕ್ಕೂ ಅವನ ಹತ್ತಿರ ಉತ್ತರ ಇತ್ತು. ಹೆಡ್ ಆಫೀಸಿನಲ್ಲಿ ತಾನು ಕೂತಲ್ಲಿಂದಲೇ ನಾಲ್ಕೂ ಕಡೆ ನೋಡಿಕೊಳ್ಳಬಹುದು ಅನ್ನುವ ಆಸೆಯೂ ಇತ್ತು, ಸುಳ್ಳೇಕೆ. ತಾಯಿ-ಮರಿಯನ್ನೇ ಆರಿಸಿದ. ಸರಳಾಳ ಮನೆಯಲ್ಲಿ ಮರಿ ಡಬ್ಬದ ಹಸಿರು ದೀಪ ಹತ್ತಿದ ದಿನ ಅವಳು ಅವನಿಗೆ ಎರಡು ಸಲ ಕಾಫಿ ಕೊಟ್ಟಳು. ನವರಾತ್ರಿ ಶುರುವಾಗಿ ಫೋನಿನ ಮೇಲೆ ಫೋನು ಬಂತು. ಅವಳು ಒಂದನ್ನೂ ಬಿಡಲಿಲ್ಲ.

ಆಯುಧಪೂಜೆಯ ದಿನ ಹೆಡ್ ಆಫೀಸಿಗೆ ಬಾಳೆಕಂಬ ಕಟ್ಟಿ, ಕಂಪ್ಯೂಟರು, ಪ್ರಿಂಟರು, ಜನರೇಟರು, ಲಕ್ಕಣ್ಣನ ಕಾರು ಎಲ್ಲಕ್ಕೂ ಚೆಂಡುಹೂವು ಏರಿಸಿದರು. ಆರತಿ ತಟ್ಟೆ ಹಿಡಿದಿದ್ದವರು ಲಕ್ಕಣ್ಣನ ಹೆಂಡತಿ ಗಂಗರತ್ನಮ್ಮ. ಅವರ ಮನೆತನದಲ್ಲಿ ಪೂಜೆಯಾದ ಸಾಮಾನು ಮರುದಿನದ ಮರುಪೂಜೆಯ ತನಕ ದುಡಿಯಬಾರದು. ಮೆಟ್ಟಿಲ ಕೆಳಗಿನ ಬೀರುವಿನಲ್ಲಿದ್ದ ತಾಯಿ ಡಬ್ಬಕ್ಕೆ ಅರಿಶಿನ ಕುಂಕುಮ ಇಟ್ಟು ಅವರು ಒಂದು ಗಳಿಗೆ ನಿಂತರು.

"ಇದೊಂದು ಕಣ್ಣು ಮಿಟುಕಿಸ್ತಾನೇ ಐತಲ್ಲಪ್ಪ ಬಾಲರಾಜ. ವರ್ಷವೆಲ್ಲಾ ದುಡೀತದೆ ಪಾಪ, ಇದಕ್ಕೂ ಒಂದಿನ ರಜಾ ಬ್ಯಾಡವಾ? ಆರ್ಸಪ್ಪ."

"ಆಯ್ತಕ್ಕ," ಅಂದ ಬಾಲರಾಜ. ಸ್ವಿಚ್ಚು ಆರಿಸಿದ. ಆರಿಸಿದ ಕೈಯನ್ನು ಕಣ್ಣಿಗೊತ್ತಿಕೊಂಡ. ಅಪ್ಪ ಗುದ್ದಲಿಗೆ ಕುಂಕುಮ ಇಟ್ಟು ಮೂಲೆಗೆ ಒರಗಿಸುತ್ತಿದ್ದದ್ದು ನೆನಪಾಗಿ ಎದೆ ತುಂಬಿತೇ ಹೊರತು ಸರಳಾ ನೆನಪಾಗಲಿಲ್ಲ. ಬೂದುಗುಂಬಳ ಒಡೆದರು, ಕಡಲೆಪುರಿ ಹಂಚಿದರು, ಬೀಗ ಹಾಕಿದರು.

ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ಮೊಬೈಲು ಬಡಿದುಕೊಂಡಿತು. ಸರಳಾ. "ಬಾಲರಾಜಣ್ಣ, ಡಬ್ಬದಲ್ಲಿ ಕೆಂಪು ದೀಪ ಬರ್ತಿದೆ. ಬೆಳಗ್ಗೆಯಿಂದ ಒಂದು ಫೋನೂ ಬಂದಿಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?"

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಕೈ ತೊಳೆದವನೇ ಯಲಹಂಕಕ್ಕೆ ಓಡಿದ. ಗಂಗರತ್ನಮ್ಮ ತಮ್ಮ ಮನೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ, ಬೀಗದ ಕೈಯನ್ನೂ ಕೊಡಲಿಲ್ಲ. "ಪೂಜೆ ಮಾಡಿದ್ದನ್ನ ಮುಟ್ಟುದ್ರೆ ಒಳ್ಳೇದಾಯ್ತದಾ? ನಾಳೆ ಬಾರಪ್ಪ," ಅಂದು ಒಂದು ಪೊಟ್ಟಣ ಕಡಲೆಪುರಿ ಕೊಟ್ಟರು. ಲಕ್ಕಣ್ಣ ಬಂಧುಗಳ ಮನೆಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಬೀಗ ಒಡೆಯುವ ಜಾತಿ ಬಾಲರಾಜನದಲ್ಲ. ಪೊಟ್ಟಣ ಹಿಡಿದುಕೊಂಡು ಬೀಗ ಹಾಕಿದ ಆಫೀಸಿನ ಬಾಗಿಲ ಎದುರಿಗೇ ನಿಂತಿದ್ದ. ಒಳಗೆ ಎಷ್ಟು ಫೋನು ಬಂದು ಸತ್ತವೋ ದೇವರಿಗೇ ಗೊತ್ತು.

ಹಬ್ಬ ಮುಗಿದ ಮೇಲೆ ಲಕ್ಕಣ್ಣನಿಗೆ ಸುದ್ದಿ ಮುಟ್ಟಿತು. ದುಬೈಯಿಂದ ಯಾರೋ ಇಡೀ ದಿನ ಫೋನು ಮಾಡಿ, ಬೇಸತ್ತು, ಬೇರೆ ಬಿಲ್ಡರಿಗೆ ಮುಂಗಡ ಕೊಟ್ಟಿದ್ದರು. ಬಾಲರಾಜ ಹೋಗಿ ಮುಂದೆ ನಿಂತ.

"ಅಣ್ಣ, ತಪ್ಪು ಸರಳಮ್ಮಂದಲ್ಲ. ಆರಿಸಿದ್ದು ನಾನು."

"ಊಂ ಕಣಯ್ಯ, ನೀನೇ ಆರ್ಸಿದ್ದು. ಚೆನ್ನಾಗೇ ಆರ್ಸಿದ್ದೀಯ. ನಾಗಸಂದ್ರದಲ್ಲಿ ಎಂಗೆ ಓಡ್ತೈತೆ ನೋಡು ವೈಫೈ. ತಪ್ಪು ಡಬ್ಬದ್ದಲ್ಲ, ಮನೆಲಿ ಕೂತು ಕೆಲಸ ಮಾಡೋದೇ ಸರಿಯಲ್ಲ. ಓಗಿ ಆ ಡಬ್ಬ ಬಿಚ್ಕೊಂಡು ಬಾ."

ಅಷ್ಟರಲ್ಲಿ ಮರಳಿನ ಲಾರಿಯವನು ಒಳಗೆ ಬಂದ. ಅದಲ್ಲಣ್ಣ, ಸ್ವಿಚ್ಚು ಆರಿಸಿದ್ದು ಅನ್ನುವ ಮಾತು ಬಾಲರಾಜನ ಬಾಯಲ್ಲಿ ಬಿಸಿತುಪ್ಪವಾಗಿ ಉಳಿಯಿತು. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ. ಲಾರಿಯವನು ಹೋಗುವ ತನಕ ಕಾಯಬಹುದಿತ್ತು.

ವಿದ್ಯಾರಣ್ಯಪುರದಲ್ಲಿ ಸರಳಾ ಡಬ್ಬವನ್ನು ತಾನೇ ಬಿಚ್ಚಿ ಒರೆಸಿ ಇಟ್ಟಿದ್ದಳು. ಒರೆಸಿದರೂ ಅಂಚಿನಲ್ಲಿ ಕೆಂಪು ಉಳಿದಿತ್ತು.

"ಆವತ್ತು ಇದಕ್ಕೆ ಕುಂಕುಮ ಇಟ್ಟಿದ್ದೆ ಬಾಲರಾಜಣ್ಣ. ಕೈ ಒದ್ದೆ ಇತ್ತು. ನೀರು ಒಳಗಿಳಿದು ನಾನೇ ಕೆಡಿಸಿಬಿಟ್ಟೆ ಅನ್ಸುತ್ತೆ."

ಬಾಲರಾಜನಿಗೆ ಇನ್ನು ತಡೆಯಲಾಗಲಿಲ್ಲ. ತಾಯಿ ಡಬ್ಬ, ಆರತಿ, ಸ್ವಿಚ್ಚು, ಬೀಗ, ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಗಂಡನ ತಲೆದಿಂಬು ಸರಿ ಮಾಡುತ್ತಲೇ ಕೇಳಿದಳು.

"ಇದನ್ನ ಅಣ್ಣೋರಿಗೆ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಚೆನ್ನಾಗಿ ಆರ್ಸಿದ್ದೀಯ ಅಂದ್ರು."

"ಅವರಿಗೆ ಇನ್ನೊಂದ್ಸಲ ಹೇಳಿ ಅಣ್ಣ. ಈಗ ನನಗೆ ಹೇಳಿದ ಹಾಗೇ ಹೇಳಿ," ಅಂದಳು.

ಹೇಳಿದ. ಈ ಸಲ ಒಂದಕ್ಷರ ಬಿಡದೆ ಹೇಳಿದ. ಲಕ್ಕಣ್ಣ ಪೂರಾ ಕೇಳಿ, ಅವನನ್ನೇ ವಿಚಿತ್ರವಾಗಿ ನೋಡಿದರು. "ಆಯುಧಪೂಜೆ ದಿನ ಆರ್ಸದೆ ಇನ್ನೇನ್ ಮಾಡ್ತಾರಯ್ಯ? ಅದರಾಗೆ ತಪ್ಪೇನೈತೆ?" ಅಂದರು. ತಪ್ಪೇ ಇಲ್ಲದ ಮೇಲೆ ಕ್ಷಮೆ ಯಾರನ್ನು ಕೇಳುವುದು, ತೀರ್ಪು ಬದಲಿಸಿ ಅಂತ ಯಾವ ಬಾಯಿಂದ ಕೇಳುವುದು. ಬಾಲರಾಜ ತಲೆಯಾಡಿಸಿ ಹೊರಗೆ ಬಂದ.

ಈಗ ಸರಳಾ ದಿನವೂ ಯಲಹಂಕಕ್ಕೆ ಬಸ್ಸಿನಲ್ಲಿ ಬರುತ್ತಾಳೆ. ಬೆಳಗ್ಗೆ ಗಂಡನನ್ನು ಕಿಟಕಿಯ ಕಡೆ ಹೊರಳಿಸಿ, ಆಡುವ ಎಡಗೈಯ ಕೆಳಗೆ ಮೊಬೈಲು ಇಟ್ಟು ಬರುತ್ತಾಳೆ. ಬಿಡುವಾದಾಗ ಬಾಲರಾಜನ ಪಕ್ಕದ ಮೇಜಿನಿಂದ ಮನೆಗೆ ಫೋನು ಮಾಡುತ್ತಾಳೆ. ಆ ಕಡೆಯವನಿಗೆ ಮಾತು ಬಾರದು, ಗುಂಡಿ ಒತ್ತುವುದೊಂದು ಬರುತ್ತದೆ. ಅವಳೂ ಮಾತಾಡುವುದಿಲ್ಲ. ಅವನ ಉಸಿರು ಕೇಳಿಸಿಕೊಂಡು ಫೋನು ಇಡುತ್ತಾಳೆ. ಬಾಲರಾಜ ಕಂಪ್ಯೂಟರಿನ ಕಡೆ ಮುಖ ಮಾಡಿ ಕೂತಿರುತ್ತಾನೆ. ಹೆಡ್ ಆಫೀಸಿನಲ್ಲಿ ವೈಫೈ ಬಹಳ ಚೆನ್ನಾಗಿ ಬರುತ್ತದೆ.