ಕಟಿಂಗ್‌ಗೆ ಹದಿನೈದು ರೂಪಾಯಿ

ಅಪ್ಪ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಮನೆಯಲ್ಲೂ ಅದೇ ಆಗಿದ್ದರು. ಬನಶಂಕರಿ ಮೂರನೇ ಹಂತದ ನಮ್ಮ ಮನೆಗೆ ಹೊಸ ಮಿಕ್ಸಿ ಬರಬೇಕಾದರೂ ಅಮ್ಮ ಮೊದಲು ಅಂದಾಜುಪಟ್ಟಿ ಒಪ್ಪಿಸಬೇಕಿತ್ತು. ಅಂಥ ಮನೆಗೆ ನಾನು ಜಾತಿನಾಯಿ ತರಲು ಹೊರಟಿದ್ದೆ. ಅದೂ ವೈರ್ ಫಾಕ್ಸ್ ಟೆರಿಯರ್: ತೆಂಗಿನ ನಾರಿನಂಥ ಕೂದಲು, ಮುಖದ ತುಂಬ ಗಡ್ಡ, ನಿವೃತ್ತ ಹೆಡ್‌ಮಾಸ್ಟರರ ಗತ್ತು.

ಮರಿಯ ಬೆಲೆ ನನ್ನದೇ ದುಡ್ಡು. ಕಾಲೇಜಿನ ಸಮಾರಂಭ, ಗಣೇಶನ ಪೆಂಡಾಲು ಎಂದು ಸಿಕ್ಕಸಿಕ್ಕ ವೇದಿಕೆ ಹತ್ತಿ, ಊರವರ ದನಿಯನ್ನೆಲ್ಲ ಅಣಕಿಸಿ ಎರಡು ವರ್ಷ ಕೂಡಿಟ್ಟದ್ದು. ತಿಂಗಳ ಖರ್ಚು ಮಾತ್ರ ಮನೆಯದು. ಅದಕ್ಕೆ ಅಪ್ಪ ಬಜೆಟ್ ಕೇಳಿದರು. ಬಿ.ಕಾಂ. ಎರಡನೇ ವರ್ಷದವನಿಗೆ ಇದೇನು ಮಹಾ? ಕಾಸ್ಟ್ ಅಕೌಂಟಿಂಗ್‌ನಲ್ಲಿ ನನಗೆ ಮೂವತ್ತೆಂಟು ಅಂಕ ಬಂದಿತ್ತು ಅನ್ನುವುದು ಬೇರೆ ವಿಷಯ. ಧೈರ್ಯಕ್ಕೆ ಅಂಕ ಕೊಡುವ ಪದ್ಧತಿ ಇದ್ದಿದ್ದರೆ ರ‍್ಯಾಂಕೇ ಬರುತ್ತಿತ್ತು.

ಹಾಲು, ರಾಗಿ, ಮೊಟ್ಟೆ ಎಂದು ಶುರುಮಾಡಿದೆ. ಅಮ್ಮನ ಅಡುಗೆಮನೆಯೊಳಗೆ ಮೊಟ್ಟೆಗೆ ಪ್ರವೇಶವಿರಲಿಲ್ಲವಾದ್ದರಿಂದ ತಾರಸಿಯ ಸ್ಟೌವಿಗೆ ಸೀಮೆಎಣ್ಣೆ. ಚುಚ್ಚುಮದ್ದು, ಜಂತುಹುಳದ ಔಷಧ, ಕುತ್ತಿಗೆಪಟ್ಟಿ, ಸರಪಳಿ. ಕೊನೆಯಲ್ಲಿ ‘ಕಟಿಂಗ್: ರೂ. 15’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಹನುಮಂತನಗರದ ಕಟಿಂಗ್ ಶಾಪಿನಲ್ಲಿ ನನ್ನ ತಲೆಗೆ ತೆಗೆದುಕೊಳ್ಳುತ್ತಿದ್ದುದು ಹದಿನೈದೇ ರೂಪಾಯಿ. ನಾಯಿ ನನಗಿಂತ ಚಿಕ್ಕದು, ಹೆಚ್ಚೇನು ಕೇಳಿಯಾರು?

ಅಪ್ಪ ಹಾಳೆಯನ್ನು ಕನ್ನಡಕದ ಒಳಗಿಂದ ಒಮ್ಮೆ, ಮೇಲಿಂದ ಒಮ್ಮೆ ನೋಡಿದರು.

“ತಿಂಗ್ಳಿಗೆ ಮುನ್ನೂರು ಮಂಜೂರು. ಆರು ತಿಂಗ್ಳು ಪ್ರೊಬೇಷನ್ನು. ಆಮೇಲೆ ಲೆಕ್ಕ ನೋಡ್ತೀನಿ. ಮೀರಿದ್ರೆ ವಾಪಸ್ ಕಳ್ಸೋದೇ.”

“ಯಾರ್ನಪ್ಪ? ನಾಯೀನಾ, ನನ್ನನ್ನಾ?”

“ಇಬ್ರಲ್ಲಿ ಯಾರು ಜಾಸ್ತಿ ತಿಂತಾರೋ ಅವ್ರನ್ನ.”

ಜೆ.ಪಿ. ನಗರದಲ್ಲಿ ಈ ತಳಿಯನ್ನೇ ಸಾಕುತ್ತಿದ್ದ ಆಂಟಿಯೊಬ್ಬರಿಂದ ಮರಿ ಬಂತು. ನಾಲ್ಕು ತಿಂಗಳು ಲೆಕ್ಕ ನನ್ನ ಮಾತು ಕೇಳಿತು. ನಾಯಿಯೊಂದೇ ಕೇಳಲಿಲ್ಲ. ಅಷ್ಟರಲ್ಲಿ ಅದರ ಮೈಕೂದಲು ಹರಿದ ಹಾಸಿಗೆಯ ಹಾಗೆ ನಾಲ್ಕೂ ಕಡೆ ಎದ್ದು ನಿಂತಿತ್ತು. ಬಜೆಟ್ಟಿನ ಪ್ರಕಾರ ಹನುಮಂತನಗರಕ್ಕೇ ಕರೆದೊಯ್ದೆ. ನಮ್ಮ ಕಟಿಂಗ್ ಶಾಪಿನವರು ಬಾಚಣಿಗೆ ಕೆಳಗಿಟ್ಟರು. “ಗುರು, ನಿನ್ ತಲೇನೇ ನಂಗೆ ಸಾಕಾಗಿದೆ. ಇವ್ನು ಕುರ್ಚಿ ಹತ್ತಿದ್ರೆ ಮಿಕ್ಕಿದ ಗಿರಾಕಿ ಇಳ್ದು ಹೋಗ್ತಾರೆ.”

ಜಯನಗರದಲ್ಲಿ ನಾಯಿಗಳಿಗೆಂದೇ ಒಂದು ಪಾರ್ಲರ್ ಇತ್ತು. ಅಲ್ಲಿ ಮುನ್ನೂರೈವತ್ತು ತೆಗೆದುಕೊಂಡರು. “ಎರಡು ತಿಂಗ್ಳಿಗೊಂದ್ಸಲ ಬರ್ಬೇಕು ಸಾರ್,” ಎಂದು ನಗುತ್ತ ಬೀಳ್ಕೊಟ್ಟರು. ನಾಯಿ ಮದುವೆ ಗಂಡಿನ ಹಾಗೆ ಹೊರಬಂತು. ನಾನು ಮದುವೆ ಖರ್ಚು ಕೊಟ್ಟ ಮಾವನ ಹಾಗೆ.

ಇನ್ನೊಂದು ಸಲ ಅಲ್ಲಿಗೆ ಹೋದರೆ ನಾಯಿ ಮನೆಯಲ್ಲಿ ಉಳಿಯುವುದಿಲ್ಲ. ನೇರ ಆಂಟಿಯ ಮನೆಗೆ ಹೋದೆ. ಅವರು ಹಣೆ ಚಚ್ಚಿಕೊಂಡರು. “ಮಷಿನ್ ಹಾಕ್ಸಿದ್ಯಾ? ಈ ಜಾತಿಗೆ ಕತ್ರಿ, ಮಷಿನ್ ಏನೂ ಮುಟ್ಟಿಸ್ಬಾರ್ದು ಕಣೋ. ಒಣಗಿದ ಕೂದ್ಲನ್ನ ಬೆರಳಲ್ಲೇ ಕೀಳ್ಬೇಕು. ಅದಕ್ಕೇನೂ ನೋವಾಗಲ್ಲ. ಆಗೋದು ನಿನ್ ಸೊಂಟಕ್ಕೆ.” ಕೂದಲು ಬೆಳೆದ ದಿಕ್ಕಿಗೇ, ಒಂದೊಂದು ಚಿಟಿಕೆಯಷ್ಟು ಕೀಳುವುದನ್ನು ತೋರಿಸಿಕೊಟ್ಟರು. ಫೀಸು: ನಾನು ಅವರದೇ ದನಿಯನ್ನು ಅವರ ಮುಂದೆ ಮಾಡಿ ತೋರಿಸಿದ್ದು.

ಕೂದಲು ಮತ್ತೆ ಬೆಳೆಯುವುದನ್ನು ಕಾದು, ಒಂದು ಭಾನುವಾರ ಅಪ್ಪ ತರಕಾರಿಗೆ ಹೋದ ಮೇಲೆ ತಾರಸಿಯಲ್ಲಿ ಗೋಣಿಚೀಲ ಹಾಸಿ ಶುರುಮಾಡಿದೆ. ನಾಯಿ ಅರೆ ನಿಮಿಷ ಕೂರಲಿಲ್ಲ. ನನ್ನ ದನಿಗೆ ಬಾಲ ಅಲ್ಲಾಡಿಸಿತು, ಅಷ್ಟೆ. ಪಿ.ಟಿ. ಮೇಷ್ಟರ ದನಿ ತೆಗೆದೆ, ಆಕಳಿಸಿತು. ಬಿ.ಟಿ.ಎಸ್. ಕಂಡಕ್ಟರ್ ಆದೆ, ಬೊಗಳಿತು. ಕೊನೆಗೆ ಎರಡು ಸಲ ಕ್ಯಾಕರಿಸಿ, ಗಲ್ಲ ಎದೆಗೊತ್ತಿ, ಅಪ್ಪನಾದೆ. “ಏನಯ್ಯಾ ಇದು? ಕೂತ್ಕೋ!”

ಕೂತಿತು. ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಕೆಳಗಿಂದ ಅಮ್ಮನ ದನಿ ಬಂತು: “ರೀ, ಇಷ್ಟು ಬೇಗ ಬಂದ್ಬಿಟ್ರಾ?”

ಅಲ್ಲಿಂದ ಪ್ರತಿ ಭಾನುವಾರ ಒಂದು ಗಂಟೆ ನಾನು ಅಪ್ಪನಾಗಿರುತ್ತಿದ್ದೆ. “ಏಳು”, “ತಿರುಗು”, “ಕುತ್ತಿಗೆ ಎತ್ತು.” ನಾಯಿ ಎಲ್ಲ ಕಲಿಯಿತು.

ಆರು ತಿಂಗಳು ತುಂಬಿದ ದಿನ ಅಪ್ಪ ಊಟದ ಮೇಜಿನ ಮೇಲೆ ಲೆಕ್ಕದ ಹಾಳೆ ಹರಡಿದರು. ಮಂಜೂರಾದದ್ದು ಸಾವಿರದ ಎಂಟುನೂರು. ಖರ್ಚು ಎರಡು ಸಾವಿರದ ಹತ್ತು.

“ಕಟಿಂಗ್ ಹದ್ನೈದು ಅಂತ ಬರ್ದಿದೀಯ. ಇದ್ಯಾವ್ದು ಮುನ್ನೂರೈವತ್ತು?”

“ಅದೊಂದ್ಸಲ ಅಷ್ಟೇ ಅಪ್ಪ. ಆಮೇಲಿಂದ ನಾನೇ ಮಾಡ್ತಿದೀನಿ. ಖರ್ಚೇ ಇಲ್ಲ.”

“ಮೀರಿದ್ದು ಮೀರಿದ್ದೇ.” ಪೆನ್ನಿನ ಮುಚ್ಚಳ ತೆಗೆದರು.

ಆಗ ನಾಯಿ ಕುರ್ಚಿಯಿಂದ ಮೇಜಿಗೆ ಹಾರಿ ಲೆಕ್ಕದ ಮೇಲೆ ಮುಂಗಾಲಿಟ್ಟಿತು. ಅಪ್ಪ ಎರಡು ಸಲ ಕ್ಯಾಕರಿಸಿದರು. “ಏನಯ್ಯಾ ಇದು? ಕೂತ್ಕೋ!”

ನಾಯಿ ಇಳಿದು ಕೂತಿತು.

ಅಪ್ಪ ಸುತ್ತ ನೋಡಿದರು. ಅನುಮಾನದಿಂದ “ಏಳು” ಅಂದರು. ಎದ್ದಿತು. “ತಿರುಗು.” ತಿರುಗಿತು. ಇಷ್ಟು ವರ್ಷದ ನೌಕರಿಯಲ್ಲಿ ಅವರ ಕಚೇರಿಯ ಯಾರೂ ಒಂದೇ ಮಾತಿಗೆ ಎದ್ದದ್ದಿಲ್ಲ ಎಂದು ಅವರೇ ದಿನಾ ಗೊಣಗುತ್ತಿದ್ದರು.

“ಯಾರು ಕಲ್ಸಿದ್ದು ಇದಕ್ಕೆ?”

“ನೀವೇ ರೀ,” ಅಂದರು ಅಮ್ಮ, ಹುರುಳಿಕಾಯಿ ಮುರಿಯುತ್ತ. “ಪ್ರತಿ ಭಾನ್ವಾರ ತಾರಸಿ ಮೇಲೆ. ನೀವು ಮಾರ್ಕೆಟ್ಟಲ್ಲಿದ್ದಾಗ.”

ಅಪ್ಪ ನನ್ನ ಕಡೆ ತಿರುಗಿದರು. “ಎಲ್ಲಿ, ಮಾಡು.”

ಮಾಡಿದೆ. ಕ್ಯಾಕರಿಕೆಯ ಸಮೇತ. ನಾಯಿ ಮತ್ತೆ ಕೂತಿತು.

“ನಾನು ಹಿಂಗಾ ಮಾತಾಡೋದು?”

“ಇವ್ನು ಸ್ವಲ್ಪ ಮೆತ್ತಗೆ ಮಾಡ್ತಾನೆ,” ಅಂದರು ಅಮ್ಮ.

ಅಪ್ಪ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹದಿನೈದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಹೆಚ್ಚುವರಿ ಮಂಜೂರು, ಸೇವೆ ಖಾಯಂ’ ಎಂದು ಬರೆದು ಸಹಿ ಹಾಕಿದರು.

“ಮುಂದಿನ ವರ್ಷದ ಬಜೆಟ್ಟಲ್ಲಿ ಕಟಿಂಗ್ ಮುಂದೆ ಸೊನ್ನೆ ಬರಿ. ಕೀಳೋಕೆ ನೀನಿದೀಯ. ಕೂರ್ಸೋಕೆ ನಾನಿದೀನಿ.”

ಮುಂದಿನ ಭಾನುವಾರ ತರಕಾರಿಗೆ ಅಮ್ಮ ಹೋದರು. ಅಪ್ಪ ಕುರ್ಚಿ ಎತ್ತಿಕೊಂಡು ನನಗಿಂತ ಮೊದಲೇ ತಾರಸಿ ಹತ್ತಿದ್ದರು.